ಹಮಾಲಿಗೆ ಹೇಳದೆ ಉಳಿದ ಮಾತು

ಅಪ್ಪಣೆಯಣ್ಣ ಎಂಬ ಹೆಸರು ಅವನಿಗೆ ಅಂಟಿಕೊಂಡದ್ದು ಧ್ವನಿ ಗ್ರಂಥಾಲಯದ ನೆಲಮಹಡಿಯಲ್ಲಿ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಯಲ್ಲಿ ಹಿಡಿದಿಡುವ ಸಂಸ್ಥೆ ಅದು. ಕೇಳುಗರು ಮನೆಯಿಂದ ಫೋನು ಮಾಡಿ ಪುಸ್ತಕದ ಸಂಖ್ಯೆ ಒತ್ತಿದರೆ ಸಾಕು, ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದ ಮುಂದಕ್ಕೆ ಓದು ಕೇಳಿಸುತ್ತದೆ. ಓದುವವರು ಎರಡನೇ ಮಹಡಿಯ ಧ್ವನಿಕೋಣೆಯಲ್ಲಿ ಕೂತು ಓದುತ್ತಾರೆ. ಓದಿದ್ದೆಲ್ಲ ನೆಲಮಹಡಿಯ ಸರ್ವರ್ ಕೋಣೆಯಲ್ಲಿ ಶೇಖರವಾಗುತ್ತದೆ. ಆ ಸರ್ವರಿಗೆ ಇಪ್ಪತ್ತಮೂರು ವರ್ಷಗಳಿಂದ ಅಪ್ಪಣೆಯಣ್ಣನೇ ಅಪ್ಪ, ಅಣ್ಣ ಎರಡೂ.

ಅವನ ಪರದೆಯ ಮೇಲೆ ಚಿತ್ರಗಳಿಲ್ಲ, ಬಣ್ಣಗಳಿಲ್ಲ. ಕಪ್ಪು ಹಲಗೆ, ಬಿಳಿ ಅಕ್ಷರ, ಮಿಣುಕುವ ಒಂದು ಗೆರೆ. ಒಂದು ಸಾಲು ಟೈಪು ಮಾಡಿದರೆ ಅದು ಯಂತ್ರಕ್ಕೆ ಅಪ್ಪಣೆ. ಯಾರು ಯಾವ ಫೈಲನ್ನು ಮುಟ್ಟಬಹುದು ಎಂದು ಗೊತ್ತುಮಾಡುವುದೂ ಅಪ್ಪಣೆಯೇ. ಆಜ್ಞೆಗೂ ಅನುಮತಿಗೂ ಒಂದೇ ಪದವಿರುವ ಭಾಷೆಯಲ್ಲಿ ಇಂಥವನಿಗೆ ಬೇರೆ ಹೆಸರು ಹುಡುಕುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ.

ಹೊಸಬರು ಕೆಲಸಕ್ಕೆ ಸೇರಿದಾಗ ಅವನು ಪಾಠ ಹೇಳುತ್ತಿದ್ದ. ಪ್ರತಿ ಫೈಲಿಗೂ ಮೂರು ಹಕ್ಕು: ಓದು, ಬರೆ, ನಡೆಸು. ಓದುವುದಕ್ಕೆ ನಾಲ್ಕು ಅಂಕ, ಬರೆಯುವುದಕ್ಕೆ ಎರಡು, ನಡೆಸುವುದಕ್ಕೆ ಒಂದು. ಮೂರೂ ಕೂಡಿದರೆ ಏಳು. ಒಡೆಯನಿಗೆ ಒಂದು ಅಂಕಿ, ಗುಂಪಿನವರಿಗೆ ಒಂದು, ಊರಿನ ಮಿಕ್ಕವರಿಗೆಲ್ಲ ಒಂದು. "ಏನೋ ತೆರೀತಿಲ್ಲ ಅಂತ ಎಲ್ಲಾದಕ್ಕೂ ಏಳು ಏಳು ಏಳು ಹಾಕಿಬಿಡೋರು ಇದ್ದಾರೆ" ಎಂದು ಅವನು ಮುಖ ಸಿಂಡರಿಸುತ್ತಿದ್ದ. "ಮಕ್ಕಳನ್ನ ಬೆಳಿಗ್ಗೆ ಎಬ್ಬಿಸೋ ಹಾಗೆ. ಫೈಲು ಎದ್ದುಬಿಡುತ್ತೆ ನಿಜ. ಜೊತೆಗೆ ಕಳ್ಳನೂ ಏಳ್ತಾನೆ."

ಎರಡನೇ ಮಹಡಿಯಲ್ಲಿ ಧ್ವನಿ ಹಿಡಿಯುವ ಯಂತ್ರದ ಮುಂದೆ ಕೂರುವ ಹೆಂಗಸಿಗೆ ಗುಂಡಿಯಮ್ಮ ಎಂದು ಹೆಸರು. ಇಪ್ಪತ್ತು ವರ್ಷ ಗುಂಡಿ ಒತ್ತಿದವಳು. ಬೆಳಿಗ್ಗೆ ಅವಳು ಇಂಟರ್‌ಕಾಮಿನಲ್ಲಿ ಕೇಳುತ್ತಿದ್ದಳು: "ಅಣ್ಣಾ, ನನ್ನ ಫೋಲ್ಡರಿಗೆ ಬರೆ ಕೊಟ್ಟಿದ್ದೀರೋ, ಇಲ್ಲ ಕೈಗೆ ಬರೆ ಹಾಕಿದ್ದೀರೋ? ಒಂದೂ ಸೇರ್ತಿಲ್ಲ."

"ನಿಮಗೆ ಎಷ್ಟು ಬೇಕೋ ಅಷ್ಟು ಕೊಟ್ಟಿದ್ದೀನಮ್ಮ."

"ಅದೇ ನಮ್ಮ ಅತ್ತೆ ಊಟ ಬಡಿಸುವಾಗ ಹೇಳ್ತಿದ್ದ ಮಾತು."

ಕೇಳಿದವರಿಗೆಲ್ಲ ನಗು. ಅವನಿಗೂ ನಗುವೇ. ಆದರೆ ಅಂಕಿ ಬದಲಾಗುತ್ತಿರಲಿಲ್ಲ. ಅವನು ಬಂದ ಮೇಲೆ ಗ್ರಂಥಾಲಯದ ಒಂದೇ ಒಂದು ಪುಸ್ತಕ ಅಳಿಸಿಹೋಗಿರಲಿಲ್ಲ. ಅದು ಅವನ ಹೆಮ್ಮೆ. ಒಂದು ಪುಸ್ತಕಕ್ಕೆ ಒಂದೇ ಧ್ವನಿ, ಉಗ್ರಾಣದಲ್ಲಿ ಒಂದೇ ಪ್ರತಿ, ಅದರ ಮೇಲೆ ಬರೆಯುವ ಹಕ್ಕು ಯಾವ ಓದುಗರಿಗೂ ಇಲ್ಲ: ಈ ನಿಯಮಗಳನ್ನು ಬರೆದವನು ಅವನೇ. ಶಾಶ್ವತವಾಗಿ ಫೈಲುಗಳನ್ನಿಡುವ ಜಾಗಕ್ಕೆ ಉಗ್ರಾಣ ಎಂದು ಹೆಸರಿಟ್ಟವನೂ ಅವನೇ. ಮನೆಯಲ್ಲಿ ಹೆಂಡತಿ, "ಫ್ರಿಜ್ಜಿಗೆ ಪಾಸ್‌ವರ್ಡ್ ಹಾಕಿಲ್ಲವಲ್ಲ, ನಮ್ಮ ಪುಣ್ಯ" ಎನ್ನುತ್ತಿದ್ದಳು. ಹೀಗೆ ಐವತ್ತನಾಲ್ಕನೇ ವಯಸ್ಸಿನವರೆಗೆ ಬಂದಿದ್ದ.

ಅವನಿಗೆ ಒಬ್ಬಳೇ ಅಕ್ಕ. ಎಂಟು ವರ್ಷ ದೊಡ್ಡವಳು. ರೈಲು ನಿಲ್ದಾಣದಲ್ಲಿ ಗಾಡಿಗಳ ಬರುವಿಕೆ ಹೋಗುವಿಕೆಯನ್ನು ಮೈಕಿನಲ್ಲಿ ಘೋಷಿಸುವ ಕೆಲಸ ಮಾಡಿ ಅವಧಿಗೆ ಮೊದಲೇ ನಿವೃತ್ತಳಾದವಳು. "ಮೂವತ್ತೊಂದು ವರ್ಷ ಬೇರೆಯವರ ತಪ್ಪಿಗೆ ನಾನು ವಿಷಾದಿಸಿದ್ದೀನಿ" ಎಂದು ಹೇಳಿಕೊಳ್ಳುತ್ತಿದ್ದಳು. "ದಿನಕ್ಕೆ ನಲವತ್ತು ಸಲ. ಒಬ್ಬ ಡ್ರೈವರಾದ್ರೂ ಬಂದು ಥ್ಯಾಂಕ್ಸ್ ಅಂದಿಲ್ಲ."

ಅವಳ ಗಂಟಲೇ ಬೇರೆ. ಜೋರಲ್ಲ, ಆದರೆ ಮೂರನೇ ಪ್ಲಾಟ್‌ಫಾರಂ ತುದಿಯಲ್ಲಿ ನಿದ್ದೆ ಹೊಡೆಯುತ್ತಿದ್ದವನಿಗೂ ತನ್ನ ಕಿವಿಯಲ್ಲೇ ಯಾರೋ ಹೇಳಿದಂತೆ ಕೇಳುತ್ತಿತ್ತು. ಆ ಗಂಟಲಿನ ಮೊದಲ ಫಲಾನುಭವಿ ಈ ತಮ್ಮನೇ. ಚಿಕ್ಕಂದಿನಲ್ಲಿ ಪುಸ್ತಕ ಕಂಡರೆ ಅವನಿಗೆ ಆಕಳಿಕೆ. ಪರೀಕ್ಷೆ ಹತ್ತಿರ ಬಂದಾಗ ಅಕ್ಕ ಅಡುಗೆಮನೆ ಹೊಸ್ತಿಲ ಮೇಲೆ ಕೂತು ಅವನ ಪಾಠಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಇವನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳು ಓದುತ್ತಿದ್ದಳು, ಇವನು ಪಾಸಾಗುತ್ತಿದ್ದ. ನಿವೃತ್ತಳಾದ ಮೇಲೆ ತಾನೂ ಗ್ರಂಥಾಲಯಕ್ಕೆ ಬಂದು ಓದುತ್ತೇನೆ ಎಂದಾಗ ಅವನಿಗೆ ಖುಷಿಯಾಯಿತು. ಬೇರೆ ಓದುಗರಿಗೆ ಕೊಡುವಷ್ಟೇ ಅಪ್ಪಣೆ ಅವಳಿಗೂ ಕೊಟ್ಟ. ಒಂದಂಕಿ ಹೆಚ್ಚಿಲ್ಲ.

ಆರು ವರ್ಷ ಅವಳು ಓದಿದಳು. ಏಳನೇ ವರ್ಷ ಗಂಟಲಲ್ಲಿ ಏನೋ ಕೆರೆತ ಎಂದು ತೋರಿಸಿಕೊಳ್ಳಲು ಹೋದರೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರೆ ಜೀವಕ್ಕೆ ಭಯವಿಲ್ಲ, ಮಾತು ಮಾತ್ರ ಇರುವುದಿಲ್ಲ. ಮೂರು ವಾರ ಬಿಟ್ಟು ಬರುವ ಶನಿವಾರ ಆಪರೇಷನ್ ಎಂದು ಗೊತ್ತಾಯಿತು.

ಮಾರನೇ ದಿನವೇ ಅಕ್ಕ ಒಂದು ದಪ್ಪ ಕಾದಂಬರಿ ಹಿಡಿದುಕೊಂಡು ಧ್ವನಿಕೋಣೆಗೆ ಬಂದಳು. ದೀಪಸ್ತಂಭ ಕಾಯುವ ಒಬ್ಬ ಹೆಂಗಸಿನ ಕತೆ, ಇಪ್ಪತ್ತೆರಡು ಅಧ್ಯಾಯ. ಕೇಳುಗರೊಬ್ಬರು ಬಹಳ ದಿನದಿಂದ ಕೇಳುತ್ತಿದ್ದ ಪುಸ್ತಕ. ಅವರು ಬೆತ್ತದ ಕುರ್ಚಿ ಹೆಣೆಯುವವರು. ಕಣ್ಣಿಲ್ಲ, ಬೆರಳೇ ಕಣ್ಣು. ಹೆಣೆಯುವಾಗ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಕತೆ ಕೇಳುವುದು ಅವರ ರೂಢಿ.

"ಇನ್ನು ಮೂರು ವಾರ ಈ ಕಂಠ ನಂದು" ಎಂದಳು ಅಕ್ಕ. "ಅಷ್ಟರಲ್ಲಿ ಇದನ್ನ ಮುಗಿಸ್ತೀನಿ. ಮುಗಿಸಿ ಹೋಗ್ತೀನಿ."

"ನಿಧಾನ ಮಾಡಕ್ಕ. ಆಯಾಸ ಮಾಡ್ಕೋಬೇಡ."

"ಯಾರಿಗೆ ಉಳಿಸಲಿ? ಆ ಶನಿವಾರದ ಮೇಲೆ ನನಗೇನು ಉಪಯೋಗ?"

ದಿನಕ್ಕೆ ಒಂದು, ಕೆಲವು ದಿನ ಎರಡು ಅಧ್ಯಾಯ. ನಡುವೆ ಬಿಸಿನೀರು, ಕೆಮ್ಮು, ಮತ್ತೆ ಬಿಸಿನೀರು. ಕೆಮ್ಮನ್ನೆಲ್ಲ ಗುಂಡಿಯಮ್ಮ ಕತ್ತರಿಸಿ ತೆಗೆಯುತ್ತಿದ್ದಳು. ಕೊನೆಯ ವಾರದ ಹೊತ್ತಿಗೆ ಹದಿನೆಂಟು ಅಧ್ಯಾಯ ಉಗ್ರಾಣ ಸೇರಿದ್ದವು. ಕುರ್ಚಿಯವರು ಹಿಂದಿನಿಂದಲೇ ಕೇಳಿಕೊಂಡು ಬರುತ್ತಿದ್ದರು. ಒಂದು ದಿನ ಅವರ ಫೋನು ಬಂತು. ಗುಂಡಿಯಮ್ಮ ಸ್ಪೀಕರಿಗೆ ಹಾಕಿದಳು.

"ಅಮ್ಮಾ, ಒಂದು ಸಣ್ಣ ಸಂಶಯ. ಮೂರನೇ ಅಧ್ಯಾಯದಲ್ಲಿ ಆ ಹೆಂಗಸು ಕಿಟಕಿ ಹತ್ತಿರ ನಿಂತು ಗಂಟೆಗಟ್ಟಲೆ ಕಡಲೆಯನ್ನೇ ನೋಡ್ತಿದ್ಲು ಅಂತ ಓದಿದ್ದೀರಿ. ಅಷ್ಟು ಹಸಿವಾಗಿತ್ತಾ?"

ಅಕ್ಕ ನಕ್ಕು ನಕ್ಕು ಕೆಮ್ಮಿದಳು. ಕಡಲು ಕಡಲೆಯಾಗಿತ್ತು. ಮೂವತ್ತೊಂದು ವರ್ಷ ಒಂದು ಗಾಡಿಯ ಹೆಸರನ್ನೂ ತಪ್ಪು ಹೇಳದವಳಿಗೆ ಇದು ನಗುವಿನ ಜೊತೆಗೆ ಸ್ವಲ್ಪ ಚುಚ್ಚಿತು. ನೇರವಾಗಿ ಕೆಳಗಿಳಿದು ತಮ್ಮನ ಕೋಣೆಗೆ ಬಂದಳು.

"ನೋಡೋ, ಒಂದೇ ಒಂದು ಸಾಲು. ಮತ್ತೆ ಓದಿ ಹಾಕಿಬಿಡ್ತೀನಿ. ಆ ಫೈಲಿನ ಮೇಲೆ ಬರೆಯೋ ಹಕ್ಕು ನನಗೆ ಕೊಡು. ಈ ವಾರ ಮಾತ್ರ."

"ಅದಾಗಲ್ಲಕ್ಕ. ಓದುಗರಿಗೆ ಉಗ್ರಾಣದಲ್ಲಿ ಬರೆಯೋ ಹಕ್ಕಿಲ್ಲ."

"ಓದು ಬರಹ ಎರಡೂ ಕಲಿಸಿದವಳಿಗೆ ಬರಹ ಇಲ್ಲ ಅಂತೀಯಾ?"

"ರೂಲ್ ಅಂದ್ರೆ ರೂಲು. ಒಂದು ಕಡಲೆಗೋಸ್ಕರ ಇಡೀ ಉಗ್ರಾಣದ ಬೀಗ ತೆಗೆಯೋಕಾಗುತ್ತಾ?"

"ಹಕ್ಕು ಬದಲಾಯಿಸೋ ಆ ಕಮಾಂಡ್ ಹೆಸರೇನು ಅಂದೆ ಅವತ್ತು? ಚ್‌ಮಾಡ್ ಅಲ್ವಾ?"

"ಹೂಂ. ಯಾಕೆ?"

"ಏನಿಲ್ಲ. ಜನ ಎಲ್ಲ ಮಾಡಿ ಆಮೇಲೆ ಚ್ ಅಂತಾರೆ. ನಿನ್ನ ಯಂತ್ರ ಮೊದಲೇ ಚ್ ಅಂದು ಆಮೇಲೆ ಮಾಡು ಅನ್ನುತ್ತೆ. ನಿನಗೆ ಸರಿಯಾದ ಯಂತ್ರವೇ ಸಿಕ್ಕಿದೆ."

ಆದರೂ ಅವಳು ಅಕ್ಕ. ಬರಿಗೈಯಲ್ಲಿ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ನಿಯಮವೂ ಉಳಿಯಬೇಕು, ಅಕ್ಕನ ಮಾತೂ ನಡೆಯಬೇಕು. ಅದಕ್ಕೆ ಅವನು ಒಂದು ಉಪಾಯ ಮಾಡಿದ.

ಧ್ವನಿಕೋಣೆಯಲ್ಲಿ ಓದಿದ್ದು ಮೊದಲು ಸರ್ವರಿನ ಒಂದು ತಾತ್ಕಾಲಿಕ ಫೋಲ್ಡರಿಗೆ ಬೀಳುತ್ತಿತ್ತು. ಅಲ್ಲಿಂದ ಅದನ್ನು ಹತ್ತು ನಿಮಿಷಕ್ಕೊಮ್ಮೆ ಉಗ್ರಾಣಕ್ಕೆ ಹೊತ್ತುಹಾಕುವ ಒಂದು ಪುಟ್ಟ ಪ್ರೋಗ್ರಾಂ ಇತ್ತು. ಹಿನ್ನೆಲೆಯಲ್ಲಿ ಸದ್ದಿಲ್ಲದೆ ದುಡಿಯುವ ಇಂಥವಕ್ಕೆ ಕಂಪ್ಯೂಟರಿನವರು ಸರ್ವಿಸ್ ಎನ್ನುತ್ತಾರೆ. ಅಪ್ಪಣೆಯಣ್ಣ ಅದಕ್ಕೆ ಇಟ್ಟ ಹೆಸರು ಹಮಾಲಿ. ಹಳೆಯ ಹಮಾಲಿಗೆ ಹೊಸ ಫೈಲು ಹೊರಲು ಮಾತ್ರ ಗೊತ್ತಿತ್ತು, ತಿದ್ದಿದ ಫೈಲನ್ನು ಹಳೆಯದರ ಜಾಗದಲ್ಲಿಡಲು ಗೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಕೂತು ಅವನು ಹೊಸ ಹಮಾಲಿಯನ್ನು ಬರೆದ. ಹಳಬನನ್ನು ತೆಗೆದುಹಾಕಿದ. ಹೊಸಬನಿಗೆ ಶುರುವಾಗು ಎಂದ. ಶುರುವಾಯಿತು.

ಇಲ್ಲಿ ಒಂದು ವಿಷಯವಿದೆ. ಸರ್ವಿಸುಗಳಿಗೆ ಕೊಡುವ ಅಪ್ಪಣೆ ಎರಡು ಥರ. ಈಗ ಶುರುವಾಗು ಎನ್ನುವುದು ಒಂದು. ಇನ್ನು ಮುಂದೆ ಯಂತ್ರ ಎದ್ದಾಗಲೆಲ್ಲ ನೀನೂ ಏಳು ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಹೇಳದಿದ್ದರೆ ಸರ್ವಿಸ್ ಚೆನ್ನಾಗಿಯೇ ದುಡಿಯುತ್ತದೆ, ಯಂತ್ರ ಒಮ್ಮೆ ಆರಿ ಹೊತ್ತಿಕೊಳ್ಳುವವರೆಗೆ. ಆಮೇಲೆ ಏಳುವುದಿಲ್ಲ. ಸಿಟ್ಟಿಲ್ಲ, ಮುಷ್ಕರವಿಲ್ಲ. ಯಾರೂ ಏಳು ಎಂದಿಲ್ಲ, ಅಷ್ಟೇ.

ಎರಡನೆಯ ಸಾಲು ಅಪ್ಪಣೆಯಣ್ಣನಿಗೆ ಮರೆತದ್ದಲ್ಲ. ಮರೆತಿದ್ದರೆ ಎಷ್ಟೋ ವಾಸಿಯಿತ್ತು. ಹೊಸಬ ಹೇಗೆ ಕೆಲಸ ಮಾಡುತ್ತಾನೋ ಒಂದು ವಾರ ನೋಡೋಣ, ಆಮೇಲೆ ಖಾಯಂ ಮಾಡೋಣ ಎಂದು ಬೇಕೆಂದೇ ಬಿಟ್ಟ. ಎಚ್ಚರಿಕೆಯ ಮನುಷ್ಯ.

ಸೋಮವಾರ ಮಧ್ಯಾಹ್ನ ಅಕ್ಕ ಕಡಲನ್ನು ಸರಿಯಾಗಿ ಓದಿದಳು. ಹತ್ತೊಂಬತ್ತನೇ ಅಧ್ಯಾಯವನ್ನೂ ಓದಿದಳು. ಹಮಾಲಿ ಎರಡನ್ನೂ ಉಗ್ರಾಣದಲ್ಲಿಟ್ಟ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಮುದಿಯಾಗಿತ್ತು, ಮೂರು ನಿಮಿಷ ಏದುಸಿರು ಬಿಟ್ಟು ಮಲಗಿತು. ಕರೆಂಟು ಬಂದಾಗ ಸರ್ವರ್ ತಾನಾಗಿ ಎದ್ದಿತು. ಫೋನಿನ ಸರ್ವಿಸ್ ಎದ್ದಿತು, ಪುಸ್ತಕಪಟ್ಟಿಯ ಸರ್ವಿಸ್ ಎದ್ದಿತು, ಪರದೆಯಲ್ಲಿ ಎಲ್ಲ ಹಸಿರು. ಏಳಬೇಕಾದವರ ಪಟ್ಟಿಯಲ್ಲಿಲ್ಲದ ಹಮಾಲಿ ಏಳಲಿಲ್ಲ. ಪಟ್ಟಿಯಲ್ಲೇ ಇಲ್ಲದವನು ಗೈರುಹಾಜರಾಗಿದ್ದಾನೆ ಎಂದು ಯಾವ ದೀಪ ಕೆಂಪಾಗುತ್ತದೆ?

ಮಂಗಳವಾರ ಮಧ್ಯಾಹ್ನ ಇಪ್ಪತ್ತನೇ ಅಧ್ಯಾಯ. ಬುಧವಾರ ಇಪ್ಪತ್ತೊಂದು. ಗುರುವಾರ ಇಪ್ಪತ್ತೆರಡು. ಕೊನೆಯ ವಾಕ್ಯ ಓದಿ ಅಕ್ಕ ಪುಸ್ತಕ ಮುಚ್ಚಿದಾಗ ಗುಂಡಿಯಮ್ಮ ಕಣ್ಣೊರೆಸಿಕೊಂಡು ಗುಂಡಿ ಒತ್ತಿದಳು. ಅವಳ ಪರದೆಯಲ್ಲಿ ಸೇರಿದೆ ಎಂದು ಬಂತು. ಸೇರಿದ್ದು ತಾತ್ಕಾಲಿಕ ಫೋಲ್ಡರಿಗೆ. ಆ ಫೋಲ್ಡರು ಡಿಸ್ಕಿನ ಮೇಲಿರಲಿಲ್ಲ, ಯಂತ್ರದ ನೆನಪಿನಲ್ಲಿತ್ತು. ಕೆಲಸ ಬೇಗ ಆಗಲೆಂದು ಅಪ್ಪಣೆಯಣ್ಣನೇ ಹಾಗೆ ಮಾಡಿದ್ದ. ಧ್ವನಿಕೋಣೆಯ ಯಂತ್ರದಲ್ಲಿ ಪ್ರತಿ ಉಳಿಯದಂತೆ ಮಾಡಿದ್ದೂ ಅವನೇ. ಅಲ್ಲೊಂದು ಇಲ್ಲೊಂದು ಪ್ರತಿ ಬಿದ್ದಿರುವುದು ಅವನ ಪ್ರಕಾರ ಅಶಿಸ್ತು.

ಶುಕ್ರವಾರ ಬೆಳಿಗ್ಗೆ ಅಕ್ಕ ಆಸ್ಪತ್ರೆ ಸೇರಿದಳು. ಮಧ್ಯಾಹ್ನ ಮೂರಕ್ಕೆ ಮತ್ತೆ ಕರೆಂಟು ಹೋಗಿ ಬಂತು. ಮೂರೂವರೆಗೆ ಇಂಟರ್‌ಕಾಂ ಗುರ್ ಎಂದಿತು.

"ಅಣ್ಣಾ, ಕುರ್ಚಿಯವರು ಕಾಯ್ತಿದ್ದಾರೆ. ಇಪ್ಪತ್ತರಿಂದ ಮುಂದಕ್ಕೆ ಪಟ್ಟಿಗೆ ಹಾಕೋಣ ಅಂತ ನೋಡಿದ್ರೆ ಉಗ್ರಾಣದಲ್ಲಿ ಕಾಣ್ತಿಲ್ಲವಲ್ಲ."

"ಸರಿಯಾಗಿ ನೋಡಿ."

"ಗುಂಡಿ ಒತ್ತೋದು ನಂದು ಅಣ್ಣ, ಗುಂಡಿಗೆ ಬೀಳಿಸ್ಬೇಡಿ. ಎರಡು ಸಲ ನೋಡಿದೆ."

ಅವನು ಹಮಾಲಿ ಹೇಗಿದ್ದಾನೆ ಎಂದು ಯಂತ್ರವನ್ನು ಕೇಳಿದ. ಯಂತ್ರ ಎರಡು ಮಾತು ಹೇಳಿತು. ಹಮಾಲಿ ಸತ್ತಿದ್ದಾನೆ ಎಂಬುದು ಒಂದು. ಅವನಿಗೆ ಏಳುವ ಅಪ್ಪಣೆಯಿಲ್ಲ ಎಂಬುದು ಇನ್ನೊಂದು. ತಾತ್ಕಾಲಿಕ ಫೋಲ್ಡರ್ ತೆರೆದು ನೋಡಿದ. ಗುಡಿಸಿಟ್ಟ ಅಂಗಳದ ಹಾಗಿತ್ತು. ಯಂತ್ರ ಆರಿದಾಗ ನೆನಪೂ ಆರಿತ್ತು.

ಆಗ ಗಂಟೆ ಮೂರೂಮುಕ್ಕಾಲು. ಆಸ್ಪತ್ರೆಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ನೋಡಲು ಬಿಡುವ ಸಮಯ ನಾಲ್ಕರಿಂದ ಆರು. ಅಕ್ಕನ ಗಂಟಲು ಇನ್ನೂ ಅಕ್ಕನ ಬಳಿಯೇ ಇತ್ತು. ಮೂರು ಅಧ್ಯಾಯ ಆಗದಿದ್ದರೂ ಒಂದು ಆಗುತ್ತಿತ್ತು. ಇದನ್ನೆಲ್ಲ ಅವನು ಆಮೇಲೆ ಲೆಕ್ಕ ಹಾಕಿದ್ದಲ್ಲ. ಆಗಲೇ, ಕುರ್ಚಿಯಲ್ಲಿ ಕೂತಲ್ಲೇ ಹಾಕಿದ. ಹಾಕಿದ ಮೇಲೂ ಏಳಲಿಲ್ಲ. ಹೋದರೆ ಹೇಳಬೇಕಾಗುತ್ತಿತ್ತು. ಎಲ್ಲಾದರೂ ಒಂದು ಚೂರು ಉಳಿದಿರಬಹುದು, ಸಿಕ್ಕಿದರೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂದುಕೊಂಡು ಡಿಸ್ಕಿನ ಮೂಲೆಮೂಲೆಯಲ್ಲಿ ಹುಡುಕತೊಡಗಿದ. ಒಂದರ ಮೇಲೊಂದು ಅಪ್ಪಣೆ. ಯಂತ್ರ ಪ್ರತಿಯೊಂದನ್ನೂ ವಿನಯದಿಂದ ಪಾಲಿಸಿ, ಏನೂ ಇಲ್ಲ ಎಂದು ವಿನಯದಿಂದ ಹೇಳಿತು. ಐದಕ್ಕೆ ಎದ್ದ.

ವಾರ್ಡಿನ ಕಿಟಕಿ ಪಕ್ಕದ ಮಂಚ. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಪಕ್ಕದ ಮೇಜಿನ ಮೇಲೆ ನೀರಿನ ಬಾಟಲು, ಕನ್ನಡಕ, ಆ ದಪ್ಪ ಪುಸ್ತಕ.

"ಬಾರೋ. ಮುಖ ಯಾಕೆ ಎಂಟು ಗಂಟೆ ಲೇಟಾದ ಗಾಡಿ ಥರ ಇದೆ?"

"ಕೆಲಸ ಜಾಸ್ತಿ ಇತ್ತಕ್ಕ."

"ನಾಳೆಯಿಂದ ನಿನ್ನ ಬೈಯೋಕೂ ಪೆನ್ನು ಹುಡುಕ್ಬೇಕು. ಬೈಸ್ಕೊಳ್ಳೋದು ಏನಾದ್ರೂ ಬಾಕಿ ಇದ್ರೆ ಇವತ್ತೇ ಹೇಳಿಬಿಡು."

ಅವನು ಬಾಟಲಿನ ಮುಚ್ಚಳ ತಿರುಗಿಸಿದ, ಮತ್ತೆ ಬಿಗಿಮಾಡಿದ.

"ಎಲ್ಲ ಸೇರ್ತಾ?" ಎಂದು ಕೇಳಿದಳು.

"ಸೇರ್ತು."

"ಇಪ್ಪತ್ತೆರಡೂ?"

"ಇಪ್ಪತ್ತೆರಡೂ."

ಅವಳ ಭುಜ ಸಡಿಲಾಯಿತು. ಆಮೇಲೆ ಪುಸ್ತಕಕ್ಕೆ ಕೈಹಾಕಿದಳು. "ಕೊನೇ ಅಧ್ಯಾಯ ನನಗೇ ಇಷ್ಟ ಆಯ್ತು ಕಣೋ. ನೀನಂತೂ ಕೇಳಿರಲ್ಲ. ಕೊನೇ ಹನ್ನೊಂದು ಪುಟ ಈಗ ಓದಿ ಹೇಳ್ಲಾ? ಆರಕ್ಕೆ ಇನ್ನೂ ಹೊತ್ತಿದೆ."

ಅಂಗಿಯ ಜೇಬಿನಲ್ಲಿ ಅವನ ಮೊಬೈಲು ಇತ್ತು. ಧ್ವನಿ ಹಿಡಿಯಲು ಅದಕ್ಕೂ ಬರುತ್ತಿತ್ತು. ಹೂಂ ಎಂಬ ಒಂದೇ ಅಕ್ಷರ ಬೇಕಿತ್ತು. ಆದರೆ ಹೂಂ ಎಂದು ಕೇಳುತ್ತಾ ಕೂತರೆ ಮುಖ ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬ ಧೈರ್ಯ ಅವನಿಗಿರಲಿಲ್ಲ. ಮೊಬೈಲು ತೆಗೆದು ಮೇಜಿನ ಮೇಲಿಟ್ಟರೆ ಯಾಕೆ ಎಂದು ಕೇಳುತ್ತಿದ್ದಳು.

"ಬೇಡಕ್ಕ" ಎಂದ. "ಗಂಟಲಿಗೆ ರೆಸ್ಟ್ ಕೊಡು."

ಅವಳು ಪುಸ್ತಕವನ್ನು ಮತ್ತೆ ಮೇಜಿನ ಮೇಲಿಟ್ಟಳು. ಆಮೇಲೆ ಅವನ ಹೆಂಡತಿಯ ಮಂಡಿನೋವು, ಪಕ್ಕದ ಮಂಚದವಳ ಗೊರಕೆ, ನರ್ಸು ಹೇಳಿದ ಒಂದು ಜೋಕು. ಆರಕ್ಕೆ ಗಂಟೆ ಬಾರಿಸಿದರು. ಅವನು ಎದ್ದು ಬಾಗಿಲು ತಲುಪಿದಾಗ ಹಿಂದಿನಿಂದ ಅವಳು, "ಮೆಟ್ಟಿಲಲ್ಲಿ ನೋಡ್ಕೊಂಡು ಹೋಗೋ, ತೊಳೆದಿದ್ದಾರೆ, ಜಾರುತ್ತೆ" ಎಂದಳು. ಅವಳ ಬಾಯಿಂದ ಅವನು ಕೇಳಿದ ಕೊನೆಯ ಮಾತು ಅದು.

ಆಪರೇಷನ್ ಚೆನ್ನಾಗಿ ಆಯಿತು. ಅಕ್ಕ ಮನೆಗೆ ಬಂದಳು. ಕುತ್ತಿಗೆಗೊಂದು ತೆಳುವಾದ ಸ್ಕಾರ್ಫು, ಕೈಯಲ್ಲೊಂದು ಗೆರೆಯ ನೋಟುಬುಕ್ಕು. ಬರೆಯುವ ಹಕ್ಕು ಕೇಳಿದವಳಿಗೆ ಈಗ ಬರೆಯುವುದೊಂದೇ ಉಳಿದಿತ್ತು.

ಗ್ರಂಥಾಲಯದಲ್ಲಿ ತಪ್ಪು ಕರೆಂಟಿನ ಮೇಲೆ ಬಿತ್ತು. ಯಾರೂ ಬೇರೆ ಮಾತಾಡಲಿಲ್ಲ. ನಿರ್ದೇಶಕಿ ವಿದ್ಯುತ್ ಕಚೇರಿಗೆ ದೂರು ಬರೆಯಬೇಕೆಂದರು. ಕರಡು ಮಾಡಿದವನು ಅಪ್ಪಣೆಯಣ್ಣನೇ. ಪದೇಪದೇ ಕರೆಂಟು ಕಡಿತದಿಂದಾಗಿ ಎಂಬ ಪದಗಳು ಬೆರಳಿನಿಂದ ಸರಾಗ ಇಳಿದವು. ಸಹಿ ಮಾಡುತ್ತಾ ನಿರ್ದೇಶಕಿ ಕೇಳಿದರು: "ನಿಯಮದ ಪ್ರಕಾರ ಒಂದು ಪುಸ್ತಕಕ್ಕೆ ಒಂದೇ ಧ್ವನಿ ಅಲ್ವಾ? ಬೇರೆ ಯಾರಾದ್ರೂ ಮೊದಲಿಂದ ಓದ್ಬೇಕಾಗುತ್ತೆ. ಯಾರಿಗೆ ಕೊಡೋಣ?"

"ನೋಡೋಣ ಮೇಡಂ" ಎಂದ.

ನೋಡುತ್ತಾ ನಾಲ್ಕು ತಿಂಗಳಾಯಿತು. ವಾರಕ್ಕೊಮ್ಮೆ ಕುರ್ಚಿಯವರ ಫೋನು ಬರುತ್ತಿತ್ತು. ಒಂದು ಸಲ ಗುಂಡಿಯಮ್ಮ ರಜೆಯಲ್ಲಿದ್ದಳು, ಅವನೇ ಎತ್ತಬೇಕಾಯಿತು.

"ಸಾರ್, ಹತ್ತೊಂಬತ್ತರಲ್ಲಿ ದೋಣಿ ಬಂದು ನಿಂತಿದೆ. ಅಂಬಿಗ ಹತ್ತಮ್ಮ ಅಂತ ಕೈ ಚಾಚಿದ್ದಾನೆ. ಅಲ್ಲಿಗೆ ನಿಂತುಹೋಗಿದೆ. ಆ ಹೆಂಗಸು ಹತ್ತಿದ್ಲಾ ಇಲ್ವಾ? ನಿಮಗೆ ಗೊತ್ತಿರುತ್ತಲ್ಲ."

ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತಮೂರು ವರ್ಷ ಸಾವಿರಾರು ಪುಸ್ತಕ ಕಾದವನು ಒಂದನ್ನೂ ಕೇಳಿರಲಿಲ್ಲ. "ಸ್ವಲ್ಪ ತಾಳಿ" ಎಂದ.

"ತಾಳಿದ್ದೀನಿ ಸಾರ್. ಇಷ್ಟರಲ್ಲಿ ಆರು ಕುರ್ಚಿ ಮುಗಿಸಿದೆ."

ಆ ಭಾನುವಾರ ಬೆಳಿಗ್ಗೆ ಅವನು ಅಕ್ಕನ ಮನೆಗೆ ಹೋದ. ಅವಳು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ನಿಂತುಕೊಂಡೇ ಹೇಳಿದ.

"ಅಕ್ಕ, ನಿನ್ನ ಕೊನೇ ಮೂರು ಅಧ್ಯಾಯ ಸೇರಿಲ್ಲ. ಹೋಯ್ತು."

ಅವಳು ಲೋಟ ಅವನ ಕೈಗೆ ಕೊಟ್ಟು, ಕೈಯೊರೆಸಿಕೊಂಡು ನೋಟುಬುಕ್ಕು ತೆಗೆದಳು. *ಗೊತ್ತು. ಮನೆಗೆ ಬಂದ ಎರಡನೇ ವಾರವೇ ನಂಬರು ಒತ್ತಿ ಕೇಳಿದೆ. ಹತ್ತೊಂಬತ್ತಕ್ಕೆ ನಿಂತಿತು.* ಕೆಳಗೆ ಇನ್ನೊಂದು ಸಾಲು: *ನಾಲ್ಕು ತಿಂಗಳು ತಡ. ನಮ್ಮಲ್ಲಿ ಯಾವ ಗಾಡಿಯೂ ಇಷ್ಟು ತಡ ಆಗಿಲ್ಲ.*

ಅವನು ನಗಲು ನೋಡಿದ. ಅವಳು ಮತ್ತೆ ಬರೆದಳು: *ಗುಂಡಿಯಮ್ಮ ಹೇಳಿದಳು. ಕರೆಂಟಿಗೆ ನೀನೇನು ಮಾಡ್ತೀಯ, ಬಿಡು.*

ಅಲ್ಲಿಗೆ ಮಾತು ನಿಲ್ಲಿಸಿಬಿಡಬಹುದಾಗಿತ್ತು. ಅವಳೇ ಬಾಗಿಲು ತೆರೆದು ಹೋಗು ಎಂದ ಹಾಗಿತ್ತು. ಚಹಾ ಕುಡಿದು, ಸಕ್ಕರೆ ಕಡಿಮೆ ಎಂದು ಹೇಳಿ ಹೋಗಬಹುದಾಗಿತ್ತು. ಅವನು ಲೋಟ ಕೆಳಗಿಟ್ಟ.

"ಕರೆಂಟಲ್ಲ ಅಕ್ಕ. ಹಮಾಲಿಗೆ ಎರಡನೇ ಅಪ್ಪಣೆ ನಾನು ಕೊಟ್ಟಿರಲಿಲ್ಲ. ಒಂದು ಸಾಲು. ಬೇಕೂಂತಲೇ ಕೊಟ್ಟಿರಲಿಲ್ಲ. ಇನ್ನೊಂದಿದೆ. ಆಸ್ಪತ್ರೆಗೆ ಬಂದಾಗ ನನಗೆ ಗೊತ್ತಿತ್ತು. ಆ ಶುಕ್ರವಾರ. ಸೇರ್ತು ಅಂದೆನಲ್ಲ, ಆಗಲೇ ಗೊತ್ತಿತ್ತು."

ಇದು ಅವಳಿಗೆ ಗೊತ್ತಿರಲಿಲ್ಲ. ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಪೆನ್ನು ಕಾಗದದ ಮೇಲೆ ನಿಂತಿತು. ಏನೋ ಬರೆದಳು, ಹೊಡೆದುಹಾಕಿದಳು. ಮತ್ತೆ ಬರೆದಳು, ಮತ್ತೆ ಹೊಡೆದುಹಾಕಿದಳು. ಮೂರನೇ ಸಲ ಬರೆದದ್ದನ್ನು ಅವನ ಕಡೆ ತಿರುಗಿಸಿದಳು.

*ಓದಿ ಹೇಳ್ಲಾ ಅಂತ ಕೇಳಿದ್ದೆ.*

ಅಷ್ಟೇ. ತಪ್ಪಾಯಿತು ಎಂಬ ಮಾತು ಅವನ ನಾಲಿಗೆ ತುದಿಗೆ ಬಂತು. ದಿನಕ್ಕೆ ನಲವತ್ತು ಸಲ ವಿಷಾದ ಹೇಳಿ ಬದುಕಿದವಳ ಮುಂದೆ ಆ ಮಾತಿನ ತೂಕ ಎಷ್ಟೆಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ. ಅವಳು ತಲೆಯಾಡಿಸಲಿಲ್ಲ. ಒಲೆಯ ಕಡೆ ತಿರುಗಿ ಪಾತ್ರೆ ತೊಳೆದಳು, ಬಟ್ಟೆ ಹಿಂಡಿ ಒಣಹಾಕಿದಳು. ಆಮೇಲೆ ಮತ್ತೆ ನೋಟುಬುಕ್ಕು.

*ಕುರ್ಚಿಯವರಿಗೆ ಕತೆಯ ಕೊನೆ ಸಿಕ್ತಾ?*

"ಇಲ್ಲ. ಮೊದಲಿಂದ ಬೇರೆ ಯಾರಾದ್ರೂ ಓದ್ಬೇಕು. ನಾನೇ ತಳ್ಳಿಕೊಂಡು ಬಂದಿದ್ದೀನಿ."

*ಯಾಕೆ?*

"ಹಾಗೆ ಮಾಡಿದ್ರೆ ನಿನ್ನ ಹತ್ತೊಂಬತ್ತು ಪಟ್ಟಿಯಿಂದ ತೆಗೀಬೇಕು."

*ತೆಗೆ. ಗುಂಡಿಯಮ್ಮ ಓದಲಿ. ನನ್ನ ಪಕ್ಕದಲ್ಲೇ ಕೂತು ಎಲ್ಲಾ ಕೇಳಿದ್ದಾಳೆ.*

"ಬೇಡಕ್ಕ. ಕೊನೇ ಮೂರು ಮಾತ್ರ ಅವರ ಹತ್ರ ಓದಿಸಿ ನಿನ್ನದಕ್ಕೆ ಸೇರಿಸ್ತೀನಿ. ಒಂದೇ ಧ್ವನಿ ಅನ್ನೋ ರೂಲ್ ಬರೆದವನು ನಾನು. ನಾನೇ ಮುರೀತೀನಿ."

ಅವಳು ಅವನನ್ನು ನೋಡಿದಳು. ಸಿಟ್ಟಿನಿಂದಲ್ಲ. ಗಾಡಿ ಹೋದ ಮೇಲೆ ಓಡಿಬಂದು ಪ್ಲಾಟ್‌ಫಾರಂ ಕೇಳುವವರನ್ನು ನೋಡುವ ಹಾಗೆ. *ಆಗ ಮುರಿಯಲಿಲ್ಲ* ಎಂದು ಬರೆದಳು. *ಈಗ ಮುರಿದರೆ ಅದು ನಿನ್ನ ಸಮಾಧಾನಕ್ಕೆ. ಕುರ್ಚಿಯವರಿಗೆ ಒಂದೇ ಧ್ವನಿಯಲ್ಲಿ ಪೂರ್ತಿ ಕತೆ ಬೇಕು.*

ಗುಂಡಿಯಮ್ಮ ಮೊದಲು ಒಪ್ಪಲಿಲ್ಲ. "ನನ್ನ ಗಂಟಲು ಗುಂಡಿ ಒತ್ತೋಕಷ್ಟೇ ಸರಿ" ಎಂದಳು. ಅಕ್ಕ ನಾಲ್ಕು ಪುಟದ ಚೀಟಿ ಕಳಿಸಿದ ಮೇಲೆ ಒಪ್ಪಿದಳು. ಚೀಟಿಯಲ್ಲಿ ಏನಿತ್ತೋ ಅವನಿಗೆ ತೋರಿಸಲಿಲ್ಲ. ಆರು ವಾರದಲ್ಲಿ ಇಪ್ಪತ್ತೆರಡೂ ಮುಗಿದವು. ಅಕ್ಕ ಒಂದೆರಡು ದಿನ ಬಂದು ಗಾಜಿನಾಚೆ ಕೂತು ಗುಂಡಿ ಒತ್ತಿದಳು. ಬಂದಾಗ ನೆಲಮಹಡಿಯ ಬಾಗಿಲಲ್ಲಿ ತಮ್ಮನಿಗೆ ಕೈಯೆತ್ತಿ, ನಿಲ್ಲದೆ ಮೆಟ್ಟಿಲು ಹತ್ತಿದಳು.

ಹೊಸ ಓದು ಪಟ್ಟಿಗೆ ಸೇರಿದ ನಾಲ್ಕನೇ ದಿನ ಕುರ್ಚಿಯವರ ಫೋನು.

"ಹತ್ತಲಿಲ್ಲ ಸಾರ್" ಎಂದರು.

"ಏನು?"

"ಆ ಹೆಂಗಸು. ದೋಣಿ ಹತ್ತಲಿಲ್ಲ. ಈ ಅಮ್ಮ ಚೆನ್ನಾಗೇ ಓದಿದ್ದಾರೆ, ತಪ್ಪು ಹೇಳಬಾರದು. ಮೊದಲಿನವರು ಓದಿದ್ರೆ ಇಲ್ಲಿ ಒಂದು ಗಳಿಗೆ ನಿಲ್ಲಿಸ್ತಿದ್ರು ಅನ್ಸುತ್ತೆ. ಅವರೂ ಕೊನೇವರೆಗೆ ಓದಿದ್ರಂತಲ್ಲ. ನಿಲ್ಲಿಸಿದ್ರಾ ಸಾರ್? ನೀವು ಕೇಳಿದ್ರಾ?"

"ಇಲ್ಲ" ಎಂದ. "ನಾನು ಕೇಳಲಿಲ್ಲ."

ಅವತ್ತು ಮಧ್ಯಾಹ್ನ ಅಪ್ಪಣೆಯಣ್ಣ ಅಕ್ಕನ ಹತ್ತೊಂಬತ್ತು ಫೈಲುಗಳನ್ನು ಪಟ್ಟಿಯಿಂದ ತೆಗೆದ. ಹಳೆಯ ಓದನ್ನು ಅಳಿಸಬೇಕೆಂದು ನಿಯಮದಲ್ಲಿ ಇರಲಿಲ್ಲ. ಹಕ್ಕುಗಳನ್ನಷ್ಟೇ ಬದಲಾಯಿಸಿದ. ಊರಿನವರಿಗೆ ಸೊನ್ನೆ, ಗುಂಪಿಗೆ ಸೊನ್ನೆ, ಒಡೆಯನಿಗೆ ನಾಲ್ಕು. ನಾಲ್ಕು ಎಂದರೆ ಓದಬಹುದು, ಮತ್ತೇನೂ ಮಾಡುವಂತಿಲ್ಲ. ಒಡೆಯ ಎಂಬ ಜಾಗದಲ್ಲಿದ್ದದ್ದು ಅವನ ಹೆಸರು. ಹಾಗಾಗಿ ಅಕ್ಕನ ಗಂಟಲಿನ ಹದಿನಾಲ್ಕು ಗಂಟೆ ನಲವತ್ತು ನಿಮಿಷವನ್ನು ಕೇಳುವ ಅಪ್ಪಣೆ ಈಗ ಭೂಮಿಯ ಮೇಲೆ ಅವನೊಬ್ಬನಿಗೇ ಇದೆ.

ಫೈಲೊಂದನ್ನು ಕೊನೆಯ ಸಲ ಯಾವಾಗ ತೆರೆದರು ಎಂಬುದನ್ನು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಕೆಲಸಕ್ಕೆ ಬಂದವನು ಚಹಾ ಕುಡಿಯುವ ಮೊದಲು ಒಂದು ಸಾಲು ಟೈಪು ಮಾಡಿ ಆ ಹತ್ತೊಂಬತ್ತರ ತಾರೀಖುಗಳನ್ನು ನೋಡುತ್ತಾನೆ. ಕೇಳುಗರು ಕೇಳಿ ಬಿಟ್ಟ ದಿನದ್ದೇ ಇನ್ನೂ ಇದೆ.